ಬಾಣದ ಗುರುತಿನ ಐಕಾನ್

ಇಂದು ಸಂಜೆ ಅಪ್ಪನ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶಕ್ಕೆ ಒಂದು ಶಾರ್ಟ್‌ಕಟ್ ಮಾಡಿಕೊಟ್ಟೆ. ಐಕಾನಿನ ಎಡ ಮೂಲೆಯಲ್ಲಿದ್ದ ಪುಟ್ಟ ಬಾಣವನ್ನು ಅವರು ಬಹಳ ಹೊತ್ತು ನೋಡಿ, "ಇದನ್ನು ಅಳಿಸಿದರೆ ನುಡಿಯೇ ಹೋಗಿಬಿಡುತ್ತಾ ಮಗಾ?" ಎಂದು ಕೇಳಿದರು.

ಹೋಗುವುದಿಲ್ಲ. ವಿಂಡೋಸ್ 95ರ ಕಾಲದಿಂದಲೂ ಶಾರ್ಟ್‌ಕಟ್ ಎಂಬುದು ಮೂಲ ತಂತ್ರಾಂಶ ಎಲ್ಲಿದೆ ಎಂಬ ವಿಳಾಸವನ್ನು ಬರೆದಿಟ್ಟುಕೊಂಡ ಒಂದು ಸಣ್ಣ ಕಡತವಷ್ಟೇ. ಬಾಗಿಲಿನ ಫಲಕವನ್ನು ತೆಗೆದರೆ ಮನೆ ಬೀಳುವುದಿಲ್ಲವಲ್ಲ, ಹಾಗೆಯೇ ಇದು ಎಂದು ಅವರಿಗೆ ಹೇಳಿದೆ. ಅವರ ಮುಖ ಹಗುರವಾಯಿತು. ಇಷ್ಟು ದಿನ ಅವರು ಯಾವ ಐಕಾನನ್ನೂ ಮುಟ್ಟದೆ ಇದ್ದುದು ಈ ಭಯದಿಂದಲೇ ಎಂಬುದು ನನಗೆ ಆಗ ತಿಳಿಯಿತು, ಮೊದಲೇ ಕೇಳಬೇಕಿತ್ತು.

ಆಮೇಲೆ ಕೀಲಿಗಳನ್ನು ಒತ್ತಿಯೇ ನುಡಿ ತೆರೆಯುವಂತೆ ಮಾಡಲು ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಶಾರ್ಟ್‌ಕಟ್ ಕೀ ಎಂಬ ಖಾಲಿ ಜಾಗದಲ್ಲಿ 'ಎನ್' ಒತ್ತಿದಾಗ ಅದು ತಾನಾಗಿಯೇ ಕಂಟ್ರೋಲ್, ಆಲ್ಟ್, ಎನ್ ಎಂದಾಯಿತು. ಐಕಾನ್ ಡೆಸ್ಕ್‌ಟಾಪಿನ ಮೇಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದರೆ ಮಾತ್ರ ಈ ಕೀಲಿ ಕೆಲಸ ಮಾಡುತ್ತದೆ, ಆದ್ದರಿಂದ ಅದನ್ನು ಬೇರೆ ಫೋಲ್ಡರಿಗೆ ಸರಿಸಬೇಡಿ ಎಂದೂ ತಿಳಿಸಿದೆ.

ಅಪ್ಪ ಮೂರು ಕೀಲಿಗಳನ್ನು ಮೂರು ಬೆರಳುಗಳಿಂದ ಜಾಗರೂಕತೆಯಿಂದ ಒತ್ತಿದರು. ನುಡಿ ತೆರೆಯಿತು. ಕ್ಯಾಲ್ಕುಲೇಟರಿಗೆ ಯಾವ ಅಕ್ಷರ ಎಂಬುದನ್ನು ಈಗ ಅವರೇ ಯೋಚಿಸುತ್ತಿದ್ದಾರೆ.