ಕವಲಿನ ಕಾಲ: ಗೊತ್ತಿರುವ ಉತ್ತರವನ್ನೇ ಹುಡುಕುವ ಪ್ರಯೋಗ, ಈವರೆಗಿನ ಪ್ರಗತಿ

ಅಳಿದುಹೋದ ನಮ್ಮ ಮಾನವ ಬಂಧುಗಳಾದ ನಿಯಾಂಡರ್ತಾಲರೂ ಡೆನಿಸೋವನ್ನರೂ ಬೇರೆಯಾದದ್ದು ಯಾವಾಗ? ಸೈಬೀರಿಯದ ಡೆನಿಸೋವಾ ಗುಹೆಯ ಮೂಳೆಗಳಿಂದ ಎರಡೂ ಗುಂಪುಗಳ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಚೆನ್ನಾಗಿಯೇ ಸಿಕ್ಕಿದೆ. ಆದರೂ 2014ರ ಲೆಕ್ಕ 3,81,000ದಿಂದ 4,73,000 ವರ್ಷಗಳ ಹಿಂದೆ ಎಂದರೆ, 2017ರಲ್ಲಿ ಸಂಶೋಧಕ ಅಲನ್ ರಾಜರ್ಸ್ ತಂಡ 7,44,000 ವರ್ಷ ಎಂದಿತು. ಇಷ್ಟು ದೊಡ್ಡ ವ್ಯತ್ಯಾಸ ಎಲ್ಲೆಲ್ಲಿಂದ ನುಸುಳಬಹುದು ಎಂಬುದೇ ನನ್ನ ಈ ಹವ್ಯಾಸದ ಪ್ರಶ್ನೆ.

ಎಂಎಸ್‌ಪ್ರೈಮ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಕೃತಕ ಸಮುದಾಯಗಳನ್ನು ಸೃಷ್ಟಿಸಿದ್ದೇನೆ. ಅವು ಕವಲೊಡೆದದ್ದು 20,000 ತಲೆಮಾರುಗಳ ಹಿಂದೆ. ತಲೆಮಾರಿಗೆ 29 ವರ್ಷದಂತೆ 5,80,000 ವರ್ಷ. ಮೂಲ ಸಮುದಾಯದ ಪರಿಣಾಮಕಾರಿ ಗಾತ್ರ (ವಂಶ ಮುಂದುವರಿಸುವವರ ಲೆಕ್ಕದ ಸಂಖ್ಯೆ) 10,000. ಉತ್ಪರಿವರ್ತನೆಯ, ಅಂದರೆ ಡಿಎನ್‌ಎ ಅಕ್ಷರ ಬದಲಾಗುವ, ದರ ಪ್ರತಿ ತಲೆಮಾರಿಗೆ, ಪ್ರತಿ ಅಕ್ಷರಕ್ಕೆ, ಎಂಟು ಕೋಟಿಯಲ್ಲಿ ಒಂದು. ಉತ್ತರವನ್ನು ಹೀಗೆ ನಾನೇ ಬಚ್ಚಿಟ್ಟು, ಬರೀ ಜೀನೋಮ್ ನೋಡಿ ಅದನ್ನು ಮತ್ತೆ ಪತ್ತೆ ಮಾಡಬೇಕು.

ಎರಡು ಕವಲುಗಳ ನಡುವೆ ಸಾವಿರ ಅಕ್ಷರಕ್ಕೆ ಸರಾಸರಿ ಒಂದು ವ್ಯತ್ಯಾಸ ಬರುತ್ತದೆ. ಬದಲಾವಣೆ ಎರಡೂ ಕವಲುಗಳಲ್ಲಿ ಕೂಡುತ್ತದೆ; ಅದನ್ನು ಗಣಿಸಿ ಇದನ್ನು ನೇರವಾಗಿ ಕಾಲಕ್ಕೆ ತಿರುಗಿಸಿದರೆ 40,000 ತಲೆಮಾರು, ಅಂದರೆ ನಿಜದ ಎರಡು ಪಟ್ಟು! ಕಾರಣ ಸರಳ. ಕವಲೊಡೆಯುವಾಗಲೇ ಮೂಲ ಸಮುದಾಯದೊಳಗೆ ವೈವಿಧ್ಯವಿತ್ತು. ಎರಡು ಡಿಎನ್‌ಎ ಪ್ರತಿಗಳ ಸಮಾನ ಪೂರ್ವಜ ಸಿಗಲು ಸರಾಸರಿ ಇನ್ನೂ 20,000 ತಲೆಮಾರು ಹಿಂದಕ್ಕೆ ಹೋಗಬೇಕು. ಅದನ್ನು ಕಳೆದರಾಯಿತು, ನಿಜ. ಆದರೆ ಮೂಲ ಸಮುದಾಯದ ಗಾತ್ರವೂ ಒಂದು ಅಂದಾಜೇ. 10,000ದ ಬದಲು 8,000 ಎಂದುಕೊಂಡರೆ ಉತ್ತರ 24,000ಕ್ಕೆ ಏರುತ್ತದೆ.

ಈಗ ಹಳೆಯ ಮೂಳೆಯ ಕಥೆ. ಸತ್ತ ಮೇಲೆ ಡಿಎನ್‌ಎಯ ತುದಿಗಳಲ್ಲಿ ಸೈಟೊಸಿನ್ ಎಂಬ ಅಕ್ಷರ ಕೆಟ್ಟು, ಡಿಎನ್‌ಎ ಓದುವ ಯಂತ್ರ ಅದನ್ನು ಥೈಮಿನ್ ಎಂಬ ಬೇರೆ ಅಕ್ಷರವೆಂದು ಓದುತ್ತದೆ. ಒಂದು ಜೀನೋಮಿನಲ್ಲಿ ಹತ್ತು ಸಾವಿರ ಅಕ್ಷರಕ್ಕೆ ಒಂದೇ ಒಂದು ತಪ್ಪು ಬೆರೆಸಿದೆ. ಕೇಳಲು ಚಿಲ್ಲರೆ ಎನಿಸುತ್ತದೆ. ಆದರೆ ಒಟ್ಟು ವ್ಯತ್ಯಾಸವೇ ಸಾವಿರಕ್ಕೆ ಒಂದು ಇರುವಾಗ ಅದು ಹತ್ತನೇ ಒಂದು ಪಾಲು: 4,000 ತಲೆಮಾರು, 1,16,000 ವರ್ಷ. 2017ರ ಜಗಳದ ತಿರುಳೂ ಇದರ ಹತ್ತಿರವೇ ಇದೆ. ಇಂಥ ತಪ್ಪುಗಳು ಹೆಚ್ಚಾಗಿ ಒಂದೇ ಜೀನೋಮಿನಲ್ಲಿ ಕಾಣುವ ಬದಲಾವಣೆಗಳಾಗಿ ಕುಳಿತಿರುತ್ತವೆ. ರಾಜರ್ಸ್ ತಂಡ ಅಂಥ ಒಂಟಿ ಬದಲಾವಣೆಗಳನ್ನು ಲೆಕ್ಕದಿಂದಲೇ ಬಿಟ್ಟಿತು. ಅವನ್ನೂ ಸೇರಿಸಿದರೆ ನಿಯಾಂಡರ್ತಾಲರ ಸಂಖ್ಯೆ ಚಿಕ್ಕದಾಗುತ್ತದೆ, ಇಬ್ಬರೂ ಬೇರೆಯಾಗುವ ಮುಂಚಿನ ಒಟ್ಟು ಇತಿಹಾಸ ಉದ್ದವಾಗುತ್ತದೆ ಎಂದು ಮಫೆಸ್ಸೋನಿ ಮತ್ತು ಪ್ರ್ಯೂಫರ್ ಎಂಬ ಸಂಶೋಧಕರು ಆಕ್ಷೇಪಿಸಿದರು. ಇಟ್ಟುಕೊಂಡರೆ ಕೊಳೆ, ಎಸೆದರೆ ಮಾಹಿತಿ ನಷ್ಟ. ನನಗೆ ಇಟ್ಟುಕೊಂಡು, ತಪ್ಪಿನ ಪ್ರಮಾಣವನ್ನೂ ಮಾದರಿಯೊಳಗೇ ಅಂದಾಜಿಸುವುದು ಮೇಲು ಎನಿಸುತ್ತದೆ. ಕೆಲಸ ಹೆಚ್ಚು, ಇರಲಿ.

ಉತ್ಪರಿವರ್ತನೆಯ ದರದ ಗೊಂದಲ ಪ್ರಸಿದ್ಧವಾದದ್ದು. ಚಿಂಪಾಂಜಿಯೊಂದಿಗಿನ ಹೋಲಿಕೆಯಿಂದ ಬಂದಿದ್ದ ಹಳೆಯ ದರ, 2012ರಲ್ಲಿ ಐಸ್‌ಲ್ಯಾಂಡಿನ ತಂದೆ-ತಾಯಿ-ಮಕ್ಕಳ ಜೀನೋಮ್‌ಗಳಿಂದ ಸಿಕ್ಕ ದರದ ಸುಮಾರು ಎರಡು ಪಟ್ಟಿತ್ತು. ಆದರೂ ಈ ದೋಷದ ಬಗ್ಗೆ ನನಗೆ ಭಯ ಕಡಿಮೆ: ದರ ಬದಲಾದರೆ ಎಲ್ಲ ಕಾಲಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಯಾರು ಬೇಕಾದರೂ ಮತ್ತೆ ಗುಣಿಸಿಕೊಳ್ಳಬಹುದು.

ಭಯವಿರುವುದು ಮಾದರಿಯಲ್ಲೇ ಇಲ್ಲದ ಅತಿಥಿಯ ಬಗ್ಗೆ. 70,000 ತಲೆಮಾರುಗಳ ಹಿಂದೆಯೇ ಬೇರೆಯಾದ ಒಂದು ಸಮುದಾಯದಿಂದ ಒಂದು ಕವಲಿಗೆ ಮಾತ್ರ ಶೇಕಡಾ 3ರಷ್ಟು ಬೆರಕೆ ಕೊಟ್ಟೆ. ಅಂದಾಜು 21,500ಕ್ಕೆ ಜಾರಿತು. ಇನ್ನೊಂದು ಕಡೆ, ಮೂಳೆಯ ಒಡೆಯ 50,000 ವರ್ಷಗಳ ಹಿಂದೆಯೇ ಸತ್ತದ್ದನ್ನು ಮರೆತರೆ, ಒಂದೇ ಕವಲು ಮೊಟಕಾಗುವುದರಿಂದ ಆ ಕಾಲದ ಅರ್ಧದಷ್ಟು, ಅಂದರೆ ಸುಮಾರು 850 ತಲೆಮಾರು, ಅಂದಾಜು ತಗ್ಗುತ್ತದೆ. ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ; ಸರಿಯಾದ ಉತ್ತರ ಬಂದರೂ ಮಾದರಿ ಸರಿಯಿದೆ ಎಂದು ನಂಬುವಂತಿಲ್ಲ. ಹೆಚ್ಚು ದತ್ತಾಂಶ ಸುರಿದರೆ ಆಗುವುದಿಷ್ಟೇ: ತಪ್ಪು ಸಂಖ್ಯೆಯ ಸುತ್ತಲಿನ ಅನಿಶ್ಚಿತತೆಯ ವ್ಯಾಪ್ತಿ ಇನ್ನಷ್ಟು ಕಿರಿದಾಗುತ್ತದೆ.

2020ರಲ್ಲಿ ರಾಜರ್ಸ್ ತಂಡವೇ ಹೊಸ ಮಾದರಿ ಕಟ್ಟಿತು. ಸುಮಾರು 20 ಲಕ್ಷ ವರ್ಷಗಳ ಹಿಂದೆ ಬೇರೆಯಾದ ಒಂದು ಪ್ರಾಚೀನ ಗುಂಪು, ನಿಯಾಂಡರ್ತಾಲರ ಮತ್ತು ಡೆನಿಸೋವನ್ನರ ಸಮಾನ ಪೂರ್ವಜರೊಂದಿಗೇ ಬೆರೆತಿತ್ತು ಎಂದು ಅದರ ವಾದ. ಹಾಗಾದರೆ ಬೆರಕೆ ಕವಲಿಗೆ ಮುಂಚೆಯೇ ಆಗಬೇಕು. ಮೂಲ ಸಮುದಾಯದ ವೈವಿಧ್ಯ ಉಬ್ಬುತ್ತದೆ, ನಾನು ಕಳೆಯುವ 20,000ವೂ ಕೆಡುತ್ತದೆ. ಮುಂದಿನ ಸುತ್ತಿನಲ್ಲಿ ಬೆರಕೆಯನ್ನು ಅಲ್ಲಿಗೆ ಸರಿಸಿ ಓಡಿಸುತ್ತೇನೆ. ಸರಾಸರಿಯೊಂದನ್ನೇ ನಂಬದೆ, ಯಾವ ಬದಲಾವಣೆ ಯಾವ ಯಾವ ಜೀನೋಮ್‌ಗಳಲ್ಲಿ ಒಟ್ಟಿಗೆ ಕಾಣುತ್ತದೆ ಎಂಬುದನ್ನೂ ಎಣಿಸುವ ಕೋಡ್ ಅರ್ಧ ಮುಗಿದಿದೆ.