ರಾತ್ರಿ ಎರಡಕ್ಕೆ ಯಾರು ಎದ್ದಿರ್ತಾರೆ?

ನಮ್ಮ ಗದಗ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಹರ್ನಿಯಾ, ಎರಡು ದಿನ ಸಲೈನ್ ಹಚ್ಚಿಸಿಕೊಂಡು ಬರುವ ಸಣ್ಣ ಆಸ್ಪತ್ರೆ. ಹಾಸಿಗೆ ಹಿಡಿದ ವಯಸ್ಸಾದವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡುವ ಜಾಗಕ್ಕೆ ನಮ್ಮಲ್ಲಿ ಇನ್ನೂ ಸರಿಯಾದ ಹೆಸರೇ ಇಲ್ಲ. ಒಬ್ಬರು ಕೇರ್ ಸೆಂಟರ್ ಅಂತಾರೆ, ಇನ್ನೊಬ್ಬರು ವೃದ್ಧಾಶ್ರಮ ಅಂತಾರೆ. ವೃದ್ಧಾಶ್ರಮ ಅಂದ ಕೂಡಲೇ ಮನೆಯಲ್ಲಿ ಜಗಳ ಶುರು. ನಮ್ಮಲ್ಲೂ ಆಯಿತು. ಅದನ್ನು ಬಿಡಿ.

ಹೋದ ವರ್ಷ ಶ್ರಾವಣದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ವಯಸ್ಸು 79. ಮೊದಲೇ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು, ತೊಡೆ ಎಲುಬಿನ ಚೆಂಡು ಬದಲಿಸಿದರು, ಆರನೇ ದಿನಕ್ಕೆ ಡಿಸ್ಚಾರ್ಜ್. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮನೆಯವರದು ಬೆಟಗೇರಿಯಲ್ಲಿ ಅಂಗಡಿ. ತಮ್ಮ ಪುಣೆಯಲ್ಲಿ. ಮನೆಗೆ ಬರುತ್ತೇನೆಂದ ಹೆಣ್ಣುಮಗಳು ಎರಡೇ ದಿನಕ್ಕೆ "ನನ್ನಿಂದ ಎತ್ತೂದು ಆಗೂದಿಲ್ರಿ" ಅಂದು ಹೋದಳು. ಮೂರು ತಿಂಗಳ ಮಟ್ಟಿಗೆ ಅಂತ ಹುಬ್ಬಳ್ಳಿಯಲ್ಲೇ ಒಂದು ಜಾಗ ಹುಡುಕಿದೆವು. ಆಪರೇಶನ್ ಮಾಡಿದ ಡಾಕ್ಟರೂ ಹತ್ತಿರ ಇದ್ದಂತಾಯಿತು ಅಂತ.

ಆ ಮೊದಲನೇ ಜಾಗದಲ್ಲಿ ನಾನು ಏನು ನೋಡಿದೆ ಅಂತ ಹೇಳಿದರೆ ನಗುತ್ತೀರಿ. ಟೈಲ್ಸ್ ನೋಡಿದೆ. ಸಿಸಿ ಕ್ಯಾಮೆರಾ ಎಣಿಸಿದೆ, 14 ಇದ್ದವು. ಮ್ಯಾನೇಜರ್ ಕುರ್ಚಿ ಎಳೆದು "ಬರ್ರಿ ಮೇಡಂ, ಕುಂಡ್ರಿ" ಅಂತ ಚಹಾ ಕೊಟ್ಟರು. ಬೆಳಿಗ್ಗೆ 11 ಗಂಟೆ, ಎಲ್ಲರಿಗೂ ಸ್ನಾನ ಆಗಿತ್ತು, ಹಣೆಗೆ ವಿಭೂತಿ ಸಹ. ತಿಂಗಳಿಗೆ 26,000 ರೂಪಾಯಿ, ಡೈಪರ್ ನಮ್ಮದೇ. ನಾನು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಪ್ರತಿ ಭಾನುವಾರ ಮುಂಜಾನೆ ಬಸ್ಸು ಹಿಡಿದು ಹೋಗುತ್ತಿದ್ದೆ. ಹೇಗಿದೀಯವ್ವಾ ಅಂದರೆ ಅವ್ವ ಹೇಳುತ್ತಿದ್ದಳು, "ಛಲೋ ಐತವಾ. ರಾತ್ರಿ ಯಾರೂ ತ್ರಾಸು ಕೊಡಂಗಿಲ್ಲ, ಬೆಳತನಾ ನಿದ್ದಿ." ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಅದನ್ನೇ ತಮ್ಮನಿಗೆ ಫೋನ್ ಮಾಡಿ ಹೇಳಿದೆ.

ನಾಲ್ಕನೇ ಭಾನುವಾರ ಅವಳ ಕಾಲುಚೀಲ ಬದಲಿಸಲು ಹೋದೆ. ಎಡಗಾಲಿನ ಹಿಮ್ಮಡಿಯಲ್ಲಿ ಐದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ. ಮೊದಲು ಕೊಳೆ ಅಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಮಗ್ಗಲಿಗೆ ಹೊರಳಿಸಿ ಹಿಂದೆ ನೋಡಿದರೆ ಬಾಲದೆಲುಬಿನ ಮೇಲೆ ಚರ್ಮ ಕಿತ್ತು ಕೆಂಪಗಾಗಿತ್ತು. ಸೋತ ಭಾಗ, ಅವಳಿಗೆ ನೋವು ಸರಿಯಾಗಿ ಗೊತ್ತೇ ಆಗಿಲ್ಲ. ಮ್ಯಾನೇಜರ್ ಬಂದು "ವಯಸ್ಸಾದವ್ರಿಗೆ ಇದು ಆಗೂದ ರೀ. ಶುಗರ್ ಐತೇನ್ರಿ?" ಅಂದರು. ಅವ್ವನಿಗೆ ಶುಗರ್ ಇಲ್ಲ. ಅವರ ಫೈಲಿನಲ್ಲೇ ಹಾಗೆ ಬರೆದಿತ್ತು.

ನಮ್ಮ ಚಿಗವ್ವನ ಮಗಳು ಸ್ಟಾಫ್ ನರ್ಸ್. 22 ವರ್ಷದ ಸರ್ವಿಸ್, ಬಾಯಿ ಸ್ವಲ್ಪ ಜೋರು. ಮೊದಲೇ ಅವಳನ್ನು ಕರೆದುಕೊಂಡು ಹೋಗಬೇಕಿತ್ತು, ಸುಮ್ನೆ ಅವಳಿಗೇಕೆ ತೊಂದರೆ ಅಂತ ಬಿಟ್ಟಿದ್ದೆ. ಅವತ್ತು ಸಂಜೆ ಬಂದವಳು ಅವ್ವನ ಜೊತೆ ಎರಡು ಮಾತಾಡಿ, ಸೀದಾ ಕಾಟಿನ ಕಾಲಿಗೆ ತೂಗುಹಾಕಿದ್ದ ಹಾಳೆ ತೆಗೆದಳು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದ್ದಕ್ಕೆ ಸಹಿ ಮಾಡುವ ಚಾರ್ಟ್. ಎಡ, ಬೆನ್ನು, ಬಲ, ಎಡ, ಬೆನ್ನು, ಬಲ. "ಅಕ್ಕಾ, ಈಗ ಟೈಮ್ ಎಷ್ಟು?" ಅಂದಳು. ಏಳೂವರೆ. ಚಾರ್ಟಿನಲ್ಲಿ ಎಂಟರ ಸಹಿ ಆಗಿತ್ತು. ಹತ್ತರದೂ ಆಗಿತ್ತು. ಎಲ್ಲ ಒಂದೇ ಪೆನ್ನು, ಒಂದೇ ಕೈ.

ಹಾಸಿಗೆ ಹುಣ್ಣಿನ ಬಗ್ಗೆ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಲುಬು ಮತ್ತು ಹಾಸಿಗೆ ನಡುವೆ ಚರ್ಮ ಒತ್ತಿ ಹೋದರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ. ತಾಸುಗಟ್ಟಲೆ ಹಾಗೇ ಬಿಟ್ಟರೆ ಚರ್ಮ ಸಾಯುತ್ತದೆ. ಹಿಮ್ಮಡಿ, ಬಾಲದೆಲುಬು, ಸೊಂಟದ ಎರಡೂ ಮಗ್ಗಲು, ತಲೆಯ ಹಿಂಭಾಗ, ಇವು ಮೊದಲು ಹೋಗುವ ಜಾಗಗಳು. ಕೆಂಪಾದಲ್ಲಿ ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿ ಮತ್ತೆ ಕೆಂಪಾಗಬೇಕು. ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ನಮ್ಮಂಥ ಕಪ್ಪು ಮೈಗೆ ಕೆಂಪು ಬೇಗ ಕಾಣಿಸುವುದಿಲ್ಲ, ಮುಟ್ಟಿ ನೋಡಬೇಕು. ಬಿಸಿ ಅಥವಾ ಗಡುಸು ಅನಿಸಿದರೆ ಹುಷಾರು. ಏರ್ ಬೆಡ್ ಇದೆ ಅಂತ ಮಗ್ಗಲು ಬದಲಿಸುವುದನ್ನು ಬಿಡುವಂತಿಲ್ಲ. ಅವ್ವನ ಕೆಳಗೆ ಏರ್ ಬೆಡ್ ಇತ್ತು. ಅದರ ಪಂಪಿನ ಪ್ಲಗ್ ತೆಗೆದು ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಚಟದಂತೆ ಲೆಕ್ಕ ಹಾಕಿದೆ. ಅಲ್ಲಿ 19 ಜನ ಇದ್ದರು, ಅದರಲ್ಲಿ ತಾವಾಗಿ ಹೊರಳಲಾಗದವರು 10 ಮಂದಿ. ಒಬ್ಬರ ಮಗ್ಗಲು ಬದಲಿಸಿ, ಡೈಪರ್ ನೋಡಿ, ದಿಂಬು ಸರಿಮಾಡಲು ಹತ್ತು ನಿಮಿಷ ಅಂತ ಹಿಡಿಯಿರಿ. 10 ಜನಕ್ಕೆ 100 ನಿಮಿಷ. ಎರಡು ತಾಸಿಗೆ 120 ನಿಮಿಷ. ಅಂದರೆ ಒಂದು ಸುತ್ತು ಮುಗಿಸಿ ನೀರು ಕುಡಿದರೆ ಮುಂದಿನ ಸುತ್ತು ಬಂತು. ಅದೂ ಇಬ್ಬರು ಕೂಡಿ ಎತ್ತಿದಾಗ. ಅಲ್ಲಿ ರಾತ್ರಿ ಇದ್ದದ್ದು ಒಬ್ಬಳೇ ಹುಡುಗಿ. ಅವಳೇ ಬೆಳಿಗ್ಗೆ ಐದಕ್ಕೆ ಚಹಾ ಕಾಯಿಸಬೇಕು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಲೆಕ್ಕ ಯಾರಿಂದಲೂ ಆಗುವಂಥದ್ದಲ್ಲ. ಸಹಿ ಮಾಡು ಅಂದರು, ಮಾಡಿದಳು.

ಎರಡನೇ ಸಲ ಜಾಗ ಹುಡುಕಿದ್ದು ಈ ನರ್ಸ್ ತಂಗಿಯ ಜೊತೆ. ಹುಬ್ಬಳ್ಳಿ, ನವನಗರ, ಧಾರವಾಡ ಅಂತ ಚಿಗರಿ ಬಸ್ಸಿನಲ್ಲಿ ಐದು ಕಡೆ ಓಡಾಡಿದೆವು. ಬೆಳಿಗ್ಗೆ ಒಂದು ಕಡೆಯೂ ಹೋಗಲಿಲ್ಲ. ಸಂಜೆ ಏಳರ ಮೇಲೆ, ಇಲ್ಲವೇ ಮಧ್ಯಾಹ್ನ ಊಟದ ಹೊತ್ತಿಗೆ, ಫೋನ್ ಮಾಡದೆ. ಒಂದು ಕಡೆ "ಈಗ ಬಿಡಂಗಿಲ್ರಿ, ನಾಳೆ ಹನ್ನೊಂದಕ್ಕ ಬರ್ರಿ" ಅಂದರು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಒಂದು ಕಡೆ ಖಾಲಿ ಹಾಸಿಗೆ ಪಕ್ಕದ ಕರೆಗಂಟೆ ಒತ್ತಿ ನನ್ನ ಗಡಿಯಾರ ನೋಡುತ್ತಾ ನಿಂತೆ. 11 ನಿಮಿಷಕ್ಕೆ ಒಬ್ಬರು ಬಂದರು. ಬಂದವರೂ ಗಂಟೆಗೆ ಬಂದದ್ದಲ್ಲ, ನೀರಿನ ಕ್ಯಾನ್ ಇಡಲು ಬಂದದ್ದು. ಅಲ್ಲೇ ಒಬ್ಬ ಅಜ್ಜನ ಬಲಗೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಕಾಟಿಗೆ ಕಟ್ಟಿದ್ದರು. "ಮೂಗಿನ ನಳಿಗೆ ಕಿತ್ಕೋತಾರ್ರಿ" ಅಂದರು. ಯಾವ ಡಾಕ್ಟರ್ ಬರೆದುಕೊಟ್ಟಿದ್ದಾರೆ, ಎಷ್ಟು ಹೊತ್ತಿಗೊಮ್ಮೆ ಬಿಚ್ಚುತ್ತೀರಿ ಅಂತ ತಂಗಿ ಕೇಳಿದಳು. ಉತ್ತರ ಬರಲಿಲ್ಲ. ಅದೇ ಅಜ್ಜನನ್ನು ಅಂಗಾತ ಮಲಗಿಸಿಯೇ ನಳಿಗೆಯಲ್ಲಿ ಗಂಜಿ ಹಾಕುತ್ತಿದ್ದರು. ತಲೆ ಕಡೆಗೆ ಎತ್ತರ ಮಾಡದೆ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ತಂಗಿ ತಾನೇ ಹಿಡಿಕೆ ತಿರುಗಿಸಿ ಕಾಟು ಎತ್ತರಿಸಿದಳು. ನಮ್ಮನ್ನು ಸ್ವಲ್ಪ ಬೇಗನೇ ಹೊರಗೆ ಕಳಿಸಿದರು.

ಇನ್ನೊಂದು ಕಡೆ ಎಲ್ಲ ಚೆನ್ನಾಗಿತ್ತು, ಊಟ ಸಹ. ಆದರೆ ಹಾಸಿಗೆ ಹಿಡಿದವರೆಲ್ಲ ಎರಡನೇ ಮಹಡಿಯಲ್ಲಿ. ಕರೆಂಟ್ ಹೋದರೆ ಲಿಫ್ಟ್ ಇಲ್ಲ. ಮರೆವಿನ ಕಾಯಿಲೆ ಇದ್ದವರು ಹೊರಗೆ ಹೋಗಬಾರದು ಅಂತ ರಾತ್ರಿ ಜಾಲರಿ ಗೇಟಿಗೆ ಬೀಗ, ಕೀಲಿ ಮಾಲೀಕರ ಮನೆಯಲ್ಲಿ. ಬೆಂಕಿ ಹತ್ತಿದರೆ? "ಇಲ್ಲಿತನಾ ಏನೂ ಆಗಿಲ್ಲರಿ" ಅಂದರು. ಗೋಡೆಯ ಮೇಲೆ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಇತ್ತು. ಅದರ ಮುಳ್ಳು ಹಸಿರಿನಲ್ಲಿ ಇರಬೇಕು, ಕೆಂಪಿನಲ್ಲಿತ್ತು.

ನೀರಿನ ಬಗ್ಗೆಯೂ ಕೇಳಿ, ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆಲವು ವಾರ್ಡಿಗೆ 24 ತಾಸೂ ನೀರು ಇದೆ, ಕೆಲವಕ್ಕೆ ಎಷ್ಟೋ ದಿನಕ್ಕೊಮ್ಮೆ. ಡೈಪರ್, ಹಾಸಿಗೆ ಬಟ್ಟೆ, ಸ್ನಾನ ಎಲ್ಲ ಇರುವ ಕಡೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಟ್ಯಾಂಕ್ ಎಷ್ಟು ಲೀಟರಿನದು ಅಂತ ಕೇಳದೆ ಸ್ವಚ್ಛತೆಯ ಮಾತಾಡಿ ಏನು ಉಪಯೋಗ? ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಸ್ನಾನ ಅಂದರೆ ಅದು ಅವರ ಸೋಮಾರಿತನ ಇರಲಿಕ್ಕಿಲ್ಲ, ನಲ್ಲಿಯದು ಇರಬಹುದು.

ಫ್ರಿಜ್ ತೆಗೆದು ನೋಡುವುದು ತಂಗಿಯ ಅಭ್ಯಾಸ. ಒಂದು ಕಡೆ ಬಾಗಿಲಿನ ಗೂಡಿನಲ್ಲಿ ಇನ್ಸುಲಿನ್, ಪಕ್ಕದಲ್ಲಿ ಉಪ್ಪಿನಕಾಯಿ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಾಗಿಲು ತೆಗೆದಾಗಲೆಲ್ಲ ಬಿಸಿ ಗಾಳಿ ಬಡಿಯುವಲ್ಲಿ ಅಲ್ಲ. ಗುಳಿಗೆಗಳು ಒಬ್ಬೊಬ್ಬರ ಹೆಸರಿನ ಡಬ್ಬಿಯಲ್ಲಿ ಇದ್ದವೋ, ಒಂದೇ ಸ್ಟೀಲ್ ತಟ್ಟೆಯಲ್ಲಿ ಇದ್ದವೋ ಅದನ್ನೂ ನೋಡಿದಳು.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮುಗಳಿಗೆ ನಮ್ಮಲ್ಲಿ 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನೋಂದಣಿ ಪತ್ರ, ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಕೇಳಿ, ಫೋಟೋ ತೆಗೆದುಕೊಳ್ಳಿ. ಒಂದು ಕಡೆ "ನಮ್ಮದು ಬರೀ ಸೇವೆ ರೀ, ಆಸ್ಪತ್ರೆ ಅಲ್ಲ" ಅಂದರು, ಆದರೆ ನಳಿಗೆ, ಕ್ಯಾಥೆಟರ್, ಇಂಜೆಕ್ಷನ್ ಎಲ್ಲ ನಡೆದಿತ್ತು. ಈ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಿರಿಯರಿಗಾಗಿ 14567 ಸಹಾಯವಾಣಿಯೂ ಇದೆ. ನಾನು ದೂರು ಕೊಟ್ಟೆನಾ? ಇಲ್ಲ. ಅಡ್ವಾನ್ಸ್ ವಾಪಸ್ ಬಂದರೆ ಸಾಕು ಅಂತ ತಮ್ಮ ಅಂದ, ನಾನೂ ಸುಮ್ಮನಾದೆ. ಅರ್ಧ ಬಂತು. ಅಲ್ಲಿ ಇನ್ನೂ 18 ಜನ ಇದ್ದರು ಅನ್ನುವುದು ಆಗಾಗ ನೆನಪಾಗುತ್ತದೆ.

ಕೊನೆಗೆ ಧಾರವಾಡದಲ್ಲಿ ಒಂದು ಹಳೆಯ ಹಂಚಿನ ಮನೆ ಸಿಕ್ಕಿತು. ಟೈಲ್ಸ್ ಇಲ್ಲ, ಕಡಪಾ ಕಲ್ಲು. ಕ್ಯಾಮೆರಾ ಒಂದು. ಬಾಗಿಲಲ್ಲಿ ಉಚ್ಚೆಯ ವಾಸನೆ ಇರಲಿಲ್ಲ, ಅದನ್ನು ಮುಚ್ಚುವ ಸುಗಂಧವೂ ಇರಲಿಲ್ಲ. ನಾವು ಹೋದಾಗ ಮಧ್ಯಾಹ್ನ ಹನ್ನೆರಡೂವರೆ. ಒಬ್ಬ ಹೆಣ್ಣುಮಗಳು ಹಲ್ಲಿಲ್ಲದ ಅಜ್ಜಿಗೆ ಊಟ ಮಾಡಿಸುತ್ತಿದ್ದಳು. ಜೋಳದ ರೊಟ್ಟಿಯನ್ನು ಕುಟ್ಟಿ, ಬೆಳ್ಳುಳ್ಳಿ, ತುಪ್ಪ ಹಾಕಿ ಮುಟಗಿ ಮಾಡಿ, ಸಾರಿನಲ್ಲಿ ನೆನೆಸಿ. ಒಂದು ತುತ್ತು ಕೊಟ್ಟು, ಅಜ್ಜಿಯ ಗಂಟಲು ಆಡುವುದನ್ನು ನೋಡಿ, ಆಮೇಲೆ ಇನ್ನೊಂದು. ನಾನು ಗಡಿಯಾರ ನೋಡಿದೆ. 25 ನಿಮಿಷ. ನಡುವೆ ಫೋನ್ ಬಂತು, ಅವಳು ಎತ್ತಲಿಲ್ಲ.

ಮಾಲೀಕರ ಹತ್ತಿರ ಹೋಗುವ ಮೊದಲು ತಂಗಿ ಅವಳನ್ನೇ ಕೇಳಿದಳು, "ಇಲ್ಲಿ ಬಂದು ಎಷ್ಟು ದಿನಾತವಾ?" ನಾಲ್ಕು ವರ್ಷ. ಇನ್ನೊಬ್ಬಳದು ಆರು. ಉಳಿದ ಕಡೆ ಎಲ್ಲ ಎರಡು ತಿಂಗಳು, ಮೂರು ವಾರ ಅಂತ ಕೇಳಿದ್ದೆವು. ರಾತ್ರಿ ಎಷ್ಟು ಮಂದಿ? 12 ಜನರಿಗೆ ಇಬ್ಬರು, ಅಡುಗೆಯವರು ಬೇರೆ. ಒಬ್ಬಳು ಮಲಗಿದಾಗ ಇನ್ನೊಬ್ಬಳು ಎದ್ದಿರಬೇಕು, ಹೊರಳಿಸುವ ಹೊತ್ತಿಗೆ ಇಬ್ಬರೂ ಏಳಬೇಕು. ತಿಂಗಳಿಗೆ 31,000. ತಮ್ಮ ಐದು ಸಾವಿರ ಜಾಸ್ತಿ ಅಂದ. ನಾನು ನಿಮಿಷಗಳ ಲೆಕ್ಕ ಬರೆದು ವಾಟ್ಸಾಪಿನಲ್ಲಿ ಕಳಿಸಿದೆ. ಮರುದಿನ ದುಡ್ಡು ಹಾಕಿದ.

ಅವ್ವನನ್ನು ಅಲ್ಲಿ ಮಲಗಿಸಿದ ದಿನ, ಆಪರೇಶನ್ ಬಗ್ಗೆ ನಾನು ಬಾಯಿ ಬಿಡುವ ಮೊದಲೇ ಆ ಹೆಣ್ಣುಮಗಳು ಬದಲಿಸಿದ ಚೆಂಡು ಜಾರದಂತೆ ಎರಡೂ ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟಳು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ತಂಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. 22 ವರ್ಷದಲ್ಲಿ ಅವಳು ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ಅದೇ ದೊಡ್ಡದು.

ಬೆನ್ನಿನ ಹುಣ್ಣು ಐದು ವಾರಕ್ಕೆ ಮುಚ್ಚಿತು. ಹಿಮ್ಮಡಿಯದು ಇನ್ನೂ ಎರಡು ತಿಂಗಳು ಹಿಡಿಯಿತು.

ಮೊದಲನೇ ಭಾನುವಾರ ಹೋದಾಗ ಅವ್ವ ಮುಖ ಗಂಟು ಹಾಕಿಕೊಂಡಿದ್ದಳು. ಏನಾತವ್ವಾ ಅಂದೆ. "ಆ ಹುಡುಗೀಗೆ ನಿದ್ದಿನ ಇಲ್ಲ. ರಾತ್ರಿ ಮೂರ್ ಸಲ ಎಬ್ಬಸ್ತಾಳ. ಇತ್ತಾಗ ಹೊಳ್ಳಬೇ, ಅತ್ತಾಗ ಹೊಳ್ಳಬೇ ಅಂತ. ನೀನರ ಹೇಳ ಆಕೀಗೆ" ಅಂದಳು.

ಹೇಳ್ತೀನಿ ಅಂದೆ. ಹೇಳಲಿಲ್ಲ.