ಮೊದಲ ಸಲ ಕೈರೋಪ್ರಾಕ್ಟರ್ ಹತ್ರ ಹೋಗ್ತಿದ್ರೆ ಆ ಫಾರ್ಮ್ ಪೂರ್ತಿ ತುಂಬಿ

ನ್ಯೂಜೆರ್ಸಿಯ ಒಂದು ಕ್ಲಿನಿಕ್‌ನಲ್ಲಿ ನಂದು ಫ್ರಂಟ್ ಡೆಸ್ಕ್ ಕೆಲಸ. ಒಂದೇ ಕಡೆ ಬೆನ್ನು, ಕತ್ತು, ಕೀಲನ್ನ ಕೈಯಲ್ಲಿ ಒತ್ತಿ ಸರಿಮಾಡೋ ಕೈರೋಪ್ರಾಕ್ಟಿಕ್ಕೂ ಇದೆ, ಸೂಜಿ ಚುಚ್ಚೋ ಅಕ್ಯುಪಂಕ್ಚರೂ ಇದೆ. ಅಪಾಯಿಂಟ್‌ಮೆಂಟ್ ಕೊಡೋದು, ಇನ್ಶೂರೆನ್ಸ್ ಚೆಕ್ ಮಾಡೋದು, ಹೊಸದಾಗಿ ಬಂದೋರ ಕೈಲಿ ಅವರ ಕಾಯಿಲೆ, ಮಾತ್ರೆ ವಿವರದ ಫಾರ್ಮ್ ತುಂಬಿಸೋದು. ಡಾಕ್ಟರ್ ಅಲ್ಲ ನಾನು, ಆದ್ರೆ ಈ ಫಾರ್ಮ್ ವಿಷಯ ನಮ್ಮ ಜನಕ್ಕೆ ಹೇಳ್ಲೇಬೇಕು, ಅದ್ರಲ್ಲೂ ಊರಿಂದ ಬಂದಿರೋ ಅಪ್ಪ ಅಮ್ಮನ್ನ ಸೊಂಟ ನೋವು ಅಂತ ಕರ್ಕೊಂಡು ಬರೋರಿಗೆ.

ನಮ್ಮೋರು ಬಂದ್ರೆ ಮಾತು ಹೀಗೆ ನಡೆಯುತ್ತೆ. "ಆಂಟಿ, ಬಿಪಿ ಇದ್ಯಾ?" "ಇಲ್ಲಮ್ಮ, ಎಲ್ಲಾ ನಾರ್ಮಲ್." "ಮಾತ್ರೆ ಏನಾದ್ರೂ ತಗೋತೀರಾ?" "ಅದೇ, ಬಿಪಿದು ಬೆಳಗ್ಗೆ ಒಂದು. ಆಮೇಲೆ ಒಂದು ಚಿಕ್ಕದು, ಸ್ಟೆಂಟ್ ಹಾಕಿದ್ಮೇಲೆ ಕೊಟ್ಟಿದ್ದು." ಆ ಚಿಕ್ಕದು ರಕ್ತ ತೆಳು ಮಾಡೋ ಮಾತ್ರೆ. ಪಕ್ಕದಲ್ಲಿ ಕೂತಿರೋ ಮಗ ಫಾರ್ಮ್‌ನಲ್ಲಿ ಆಗ್ಲೇ ಎಲ್ಲದಕ್ಕೂ ನೋ ಅಂತ ಟಿಕ್ ಹಾಕಿಬಿಟ್ಟಿರ್ತಾರೆ. ಮಾತ್ರೆಯಿಂದ ಕಂಟ್ರೋಲ್‌ನಲ್ಲಿದೆ ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ಲ, ದಯವಿಟ್ಟು ಇದ್ದಿದ್ದು ಇದ್ದ ಹಾಗೆ ಬರೀರಿ, ಮಾತ್ರೆ ಶೀಟುಗಳನ್ನೇ ಒಂದು ಕವರಿಗೆ ಹಾಕ್ಕೊಂಡು ತಂದ್ರೂ ಸಾಕು, ನಾವು ನೋಡಿ ಬರ್ಕೋತೀವಿ.

ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ಒಳಗೆ ಮಾಡೋದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತೆ. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಸೂಜಿ ಹಾಕಿದ ಕಡೆ ರಕ್ತ ಕಟ್ಟಿ ಕಪ್ಪಾಗಬಹುದು, ಜೋರಾಗಿ ಒತ್ತೋದೂ ಕಮ್ಮಿ ಮಾಡ್ತಾರೆ. ಮೂಳೆ ಟೊಳ್ಳಾಗಿ ಬಲ ಕಳ್ಕೊಂಡಿದ್ರೆ, ಅಂದ್ರೆ ಆಸ್ಟಿಯೋಪೊರೋಸಿಸ್ ಇದ್ರೆ, ಕೈರೋಪ್ರಾಕ್ಟರ್ ಕೈಯಲ್ಲಿ ಒತ್ತಿ ಮಾಡೋ ಜೋರು ಅಡ್ಜಸ್ಟ್‌ಮೆಂಟ್‌ಗೆ ಮೂಳೆ ಮುರಿಯೋ ಅಪಾಯ ಇದೆ. ಪೇಸ್‌ಮೇಕರ್ ಇದ್ರೆ ಸೂಜಿಗೆ ಕರೆಂಟ್ ಕೊಡೋ ಎಲೆಕ್ಟ್ರೋ ಅಕ್ಯುಪಂಕ್ಚರ್ ಬೇಡ. ಬಸುರಿಯಾಗಿದ್ರೆ ಎರಡೂ ಕಡೆ ಮೊದ್ಲೇ ಹೇಳಿ. ಕತ್ತಿನ ವಿಷಯ ಇನ್ನೂ ಸೂಕ್ಷ್ಮ. ಕತ್ತು ತಿರುಗಿಸಿದ ಮೇಲೆ ಅಲ್ಲಿನ ರಕ್ತನಾಳ ಸೀಳಿ ಸ್ಟ್ರೋಕ್ ಆಗಿರೋ ಕೇಸ್‌ಗಳು ಮೆಡಿಕಲ್ ಜರ್ನಲ್‌ಗಳಲ್ಲಿ ದಾಖಲಾಗಿವೆ, ಬಹಳ ಅಪರೂಪ, ಆದ್ರೆ ಆಯ್ತು ಅಂದ್ರೆ ದೊಡ್ಡದು. ಹಾಗಾಗಿ ಭಯ ಇದ್ರೆ ಕತ್ತು ತಿರುಗಿಸಬೇಡಿ ಅಂತ ನೇರವಾಗಿ ಹೇಳಿ, ಯಾರೂ ಬೇಜಾರ್ ಮಾಡ್ಕೊಳಲ್ಲ, ಮೆತ್ತಗೆ ಮಾಡೋ ಬೇರೆ ವಿಧಾನಗಳಿವೆ.

ಕೆಲವು ಲಕ್ಷಣ ಇದ್ರೆ ನಮ್ಮ ಹತ್ರ ಬರ್ಲೇಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ: ಸೊಂಟ ನೋವಿನ ಜೊತೆ ಮೂತ್ರ, ಮಲದ ಮೇಲೆ ಹಿಡಿತ ತಪ್ಪೋದು, ತೊಡೆ ಸಂದಿ ಮರಗಟ್ಟೋದು, ಕಾಲಿನ ಶಕ್ತಿ ಇದ್ದಕ್ಕಿದ್ದ ಹಾಗೆ ಹೋಗೋದು. ಜ್ವರದ ಜೊತೆ ಬೆನ್ನು ನೋವು, ಬಿದ್ದ ಮೇಲೆ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಆಗಿರೋರಿಗೆ ಹೊಸದಾಗಿ ಬಂದ ನೋವು, ಇವೂ ಮೊದ್ಲು ಡಾಕ್ಟರ್ ನೋಡ್ಬೇಕಾದ್ದು.

ಇನ್ನು ರೀಲ್ಸ್ ನೋಡಿ ಬರೋರು. ಟಕ್ ಅಂತ ಸೌಂಡ್ ಬರ್ಲಿಲ್ಲ, ಏನೂ ಮಾಡ್ಲೇ ಇಲ್ಲ ಅಂತ ಕೌಂಟರ್‌ಗೆ ಬಂದು ಹೇಳ್ತಾರೆ. ಆ ಸೌಂಡ್ ಮೂಳೆ ವಾಪಸ್ ಜಾಗಕ್ಕೆ ಕೂತಿದ್ದಲ್ಲ, ಕೀಲಿನ ದ್ರವದೊಳಗೆ ಗಾಳಿಯ ಗುಳ್ಳೆಯಿಂದ ಬರೋದು, ಬರದೇ ಇದ್ರೂ ಚಿಕಿತ್ಸೆ ಆಗಿರುತ್ತೆ. ಮೊದಲ ದಿನ ಜಾಸ್ತಿ ಮಾತು, ಕಾಲು ಎತ್ತಿಸಿ ಬಗ್ಗಿಸಿ ನೋಡೋದೇ ಇರುತ್ತೆ, ಕೆಲವರಿಗೆ ಅವತ್ತು ಅಡ್ಜಸ್ಟ್‌ಮೆಂಟ್ ಮಾಡೋದೇ ಇಲ್ಲ. ಮಾರನೇ ದಿನ ಮೈಕೈ ಸ್ವಲ್ಪ ನೋವಿದ್ರೆ ಗಾಬರಿ ಬೇಡ.

ಅಕ್ಯುಪಂಕ್ಚರ್ ಸೂಜಿ ಅಂದ್ರೆ ಇಂಜೆಕ್ಷನ್ ಸೂಜಿ ತರ ಅಲ್ಲ, ಕಾಲು ಮಿಲಿಮೀಟರ್ ಆಸುಪಾಸು ದಪ್ಪ, ಒಂದು ಸಲ ಬಳಸಿ ಬಿಸಾಡೋದು. ನಿಮ್ಮ ಮುಂದೆನೇ ಪ್ಯಾಕೆಟ್ ಒಡೀತಾರೆ, ನೋಡ್ಕೊಳ್ಳಿ. ಚುಚ್ಚಿದಾಗ ಚುರುಕ್ ಅಂದು ಆಮೇಲೆ ಭಾರ ಭಾರ ಅನ್ಸುತ್ತೆ, ಇಪ್ಪತ್ತು ಮೂವತ್ತು ನಿಮಿಷ ಸುಮ್ನೆ ಮಲಗಿರ್ಬೇಕು, ಎಷ್ಟೋ ಜನ ಗೊರಕೆ ಹೊಡೀತಾರೆ. ಆದ್ರೆ ಖಾಲಿ ಹೊಟ್ಟೇಲಿ ಬರಬೇಡಿ. ಸೋಮವಾರ ಉಪವಾಸ, ಏಕಾದಶಿ ಅಂತ ಹಾಗೇ ಬಂದ್ರೆ ತಲೆಸುತ್ತು ಬರೋ ಚಾನ್ಸ್ ಜಾಸ್ತಿ, ಅವತ್ತು ಬಿಟ್ಟು ಬೇರೆ ದಿನ ತಗೊಳ್ಳಿ, ಸಡಿಲ ಪ್ಯಾಂಟ್ ಹಾಕ್ಕೊಂಡು ಬನ್ನಿ.

ಏನಕ್ಕೆ ಉಪಯೋಗ ಅಂತ ಕೇಳಿದ್ರೆ, ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನೋ ಡಾಕ್ಟರ್‌ಗಳ ಸಂಘ 2017ರಲ್ಲಿ ಸೊಂಟ ನೋವಿಗೆ ಮೊದ್ಲು ಮಾತ್ರೆ ಇಲ್ಲದ ದಾರಿ ನೋಡಿ ಅಂತ ಕೊಟ್ಟ ಪಟ್ಟಿಯಲ್ಲಿ ಈ ಎರಡೂ ಇವೆ, ವ್ಯಾಯಾಮ ಯೋಗದ ಜೊತೆಗೆ. ಅಷ್ಟು ನಂಬಿ. 1895ರಲ್ಲಿ ಅಯೋವಾದ ಡ್ಯಾವೆನ್‌ಪೋರ್ಟ್‌ನಲ್ಲಿ ಕೈರೋಪ್ರಾಕ್ಟಿಕ್ ಶುರು ಮಾಡಿದ ಡಿ.ಡಿ. ಪಾಮರ್ ಬೆನ್ನು ಸರಿಮಾಡಿ ಒಬ್ಬರ ಕಿವುಡು ವಾಸಿ ಮಾಡಿದೆ ಅಂದಿದ್ರು, ಆ ತರದ ಮಾತು ಇವತ್ತಿಗೂ ಕೆಲವು ಕಡೆ ಕೇಳಿಸುತ್ತೆ. ಶುಗರ್, ಥೈರಾಯ್ಡ್ ವಾಸಿ ಮಾಡ್ತೀವಿ ಅಂತ ಯಾರಾದ್ರೂ ಅಂದ್ರೆ ಎದ್ದು ಬನ್ನಿ. ಮೊದಲ ದಿನವೇ ದೊಡ್ಡ ಪ್ಯಾಕೇಜ್‌ಗೆ ದುಡ್ಡು ಕಟ್ಟಬೇಡಿ, ನಾಕೈದು ಸಿಟ್ಟಿಂಗ್ ನೋಡಿ ಆಮೇಲೆ ಯೋಚನೆ ಮಾಡಿ.

ದುಡ್ಡಿನ ವಿಷಯಕ್ಕೆ ಬಂದ್ರೆ, ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಹಳೇ ನೋವಿಗೆ ಸಾಮಾನ್ಯವಾಗಿ ಏನೂ ಸಿಗಲ್ಲ, ಫೋನ್ ಮಾಡಿ ಕ್ಯಾಶ್ ರೇಟ್ ಕೇಳಿ. ಮೆಡಿಕೇರ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಇರೋ ಹಿರಿಯರಿಗೆ 2020ರಿಂದ, ಮೂರು ತಿಂಗಳಿಗಿಂತ ಹಳೇ ಸೊಂಟ ನೋವಿಗೆ ಮಾತ್ರ, 90 ದಿನದಲ್ಲಿ 12 ಅಕ್ಯುಪಂಕ್ಚರ್ ಸಿಟ್ಟಿಂಗ್, ಗುಣ ಕಂಡ್ರೆ ಇನ್ನೂ 8. ಮಂಡಿಗೆ ಕೊಡಲ್ಲ. ಕೈರೋಪ್ರಾಕ್ಟರ್ ಬರೆದ ಎಕ್ಸ್‌ರೇಗೂ ಕೊಡಲ್ಲ.

ಅಪ್ಪ ಅಮ್ಮ ವಾಪಸ್ ಊರಿಗೆ ಹೋದ್ಮೇಲೆ ಅಲ್ಲಿ ಮುಂದುವರಿಸ್ತೀವಿ ಅಂದ್ರೆ ಒಂದು ವಿಷಯ ಗೊತ್ತಿರ್ಲಿ. ಇಲ್ಲಿ ಕೈರೋಪ್ರಾಕ್ಟರ್‌ಗೂ ಅಕ್ಯುಪಂಕ್ಚರ್ ಮಾಡೋರಿಗೂ ರಾಜ್ಯದ ಲೈಸೆನ್ಸ್ ಬೇಕು, ಆನ್‌ಲೈನ್‌ನಲ್ಲಿ ಹೆಸರು ಹಾಕಿ ಚೆಕ್ ಮಾಡಬಹುದು. ಇಂಡಿಯಾದಲ್ಲಿ ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್‌ಗೆ ಮಾನ್ಯತೆ ಕೊಟ್ಟಿದೆ, ಕೈರೋಪ್ರಾಕ್ಟಿಕ್‌ಗೆ ಹಾಗೆ ಲೈಸೆನ್ಸ್ ಕೊಡೋ ಕೌನ್ಸಿಲ್ ಇಲ್ಲ. ಎಲ್ಲಿ ಓದಿದ್ದು, ಎಷ್ಟು ವರ್ಷದ ಕೋರ್ಸು ಅಂತ ಕೇಳಿನೇ ಮಲಗಿ. ಹೊರಡೋ ಮುಂಚೆ ನಮ್ಮ ಕೌಂಟರ್‌ನಲ್ಲಿ ಟ್ರೀಟ್‌ಮೆಂಟ್ ನೋಟ್ಸ್ ಪ್ರಿಂಟ್ ಕೇಳಿ ತಗೊಳ್ಳಿ, ಅದು ಪೇಷಂಟ್ ಹಕ್ಕು.